ಬಾಗಿಲು ಬಡಿದವನು

ಮಧ್ಯಾಹ್ನ ಮಾರ್ಗರಿಟ್ ರಾಣಿಯ ನೆನಪಿನ ಬರಹ ಓದ್ತಾ ಇದ್ದೆ. ಇನ್ನೂ ಅದೇ ತಲೆಯಲ್ಲಿದೆ.

1572ರ ಆಗಸ್ಟ್ 18, ಪ್ಯಾರಿಸ್. ಹುಡುಗಿ ಈ ಮಾರ್ಗರಿಟ್‌ಗೆ 19, ಹುಡುಗನಿಗೆ 18. ಅವಳು ಫ್ರಾನ್ಸಿನ ಕ್ಯಾಥೊಲಿಕ್ ರಾಜನ ತಂಗಿ, ಅವನು ಪ್ರೊಟೆಸ್ಟೆಂಟರ ಕಡೆಯ, ನವಾರ್ ಅನ್ನೋ ಪುಟ್ಟ ರಾಜ್ಯದ ರಾಜ ಹೆನ್ರಿ. ಈ ಮದುವೆಯಿಂದ ಎರಡು ಕಡೆಯವರೂ ಒಂದಾಗ್ತಾರೆ ಅಂತ ಲೆಕ್ಕಾಚಾರ. ನೋತ್ರ್ ದಾಮ್ ಚರ್ಚಿನ ಎದುರು ಅಟ್ಟಣೆ ಕಟ್ಟಿ ಮದುವೆ ಮಾಡಿದರು. ಒಳಗಿನ ಪೂಜೆಗೆ ಮಾತ್ರ ಮದುಮಗ ಹೋಗಲಿಲ್ಲ.

ಆರೇ ದಿನ. ಮದುವೆಗೆ ಬಂದ ಪ್ರೊಟೆಸ್ಟೆಂಟ್ ನೆಂಟರನ್ನೇ ರಾಜನ ಕಡೆಯವರು ಕೊಂದರು.

ಆ ಬೆಳಿಗ್ಗೆ ಯಾರೋ "ನವಾರ್! ನವಾರ್!" ಅಂತ ಕೂಗುತ್ತಾ ಇವಳ ಕೋಣೆಯ ಬಾಗಿಲು ಬಡಿದರು. ಗಂಡನೇ ಇರಬೇಕು ಅಂದುಕೊಂಡು ದಾದಿ ತೆಗೆದಳು. ಒಳಗೆ ನುಗ್ಗಿದವನು ಬೇರೆ ಯಾರೋ. ಮೊಣಕೈಗೆ ಕತ್ತಿಯ ಗಾಯ, ಹಿಂದೆಯೇ ನಾಲ್ವರು ಬಿಲ್ಲುಗಾರರು. ಅವನು ಇವಳನ್ನು ಬಿಗಿಯಾಗಿ ಹಿಡಿದುಕೊಂಡುಬಿಟ್ಟ. ಕಾವಲಿನ ಸರದಾರ ಬಂದ, ಅದನ್ನು ನೋಡಿ ಅವನಿಗೆ ನಗು ತಡೆಯಲಾಗಲಿಲ್ಲವಂತೆ. ಇವಳು ಆ ಗಾಯಾಳುವಿನ ಪ್ರಾಣ ಕೇಳಿ ಪಡೆದಳು. ತನ್ನ ಒಳಕೋಣೆಯಲ್ಲಿ ಮಲಗಿಸಿ ಶುಶ್ರೂಷೆ ಮಾಡಿಸಿದಳು. ರಕ್ತವಾಗಿದ್ದ ತನ್ನ ಅಂಗಿ ಬದಲಾಯಿಸಿದಳು.

ಆ ನಗು ಓದಿ ಮೈ ಉರಿಯಿತು ನನಗೆ.

ಕೆಲವು ದಿನ ಬಿಟ್ಟು ತಾಯಿ ಕ್ಯಾಥರೀನ್ ಕರೆದು, ಬೇಕಾದರೆ ಈ ಮದುವೆ ಬಿಡಿಸಬಹುದು ಅಂದಳು. ಮಗಳು ಒಪ್ಪಲಿಲ್ಲ. ತನ್ನನ್ನು ಬೇರೆ ಮಾಡಿ ಗಂಡನಿಗೆ ಕೇಡು ಮಾಡ್ತಾರೆ ಅನ್ನೋ ಅನುಮಾನ ಅವಳಿಗೆ. ಅವನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ, ಆದರೂ ಬಿಟ್ಟುಕೊಡಲಿಲ್ಲ ನೋಡಿ.

ಆ ಮದುವೆ ರದ್ದಾಗಿದ್ದು 1599ರಲ್ಲಿ. ಅಷ್ಟು ಹೊತ್ತಿಗೆ ಹೆನ್ರಿ ಫ್ರಾನ್ಸಿನ ರಾಜನಾಗಿ ಹತ್ತು ವರ್ಷವಾಗಿತ್ತು.