ರೋಮಿಯೋ, ಜೂಲಿಯೆಟ್ ಸತ್ತಿದ್ದು ಹಣೆಬರಹದಿಂದಲಾ?

ಶೇಕ್ಸ್‌ಪಿಯರ್‌ನ 'ರೋಮಿಯೋ ಮತ್ತು ಜೂಲಿಯೆಟ್' ಪಾಠ ಮುಗಿದ ದಿನ ತರಗತಿಯಲ್ಲಿ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: "ಮೇಡಂ, ಅದು ಅವರ ಹಣೇಲಿ ಬರೆದಿತ್ತಾ, ಇಲ್ಲಾ ಅವರೇ ಮಾಡಿಕೊಂಡಿದ್ದಾ?"

ಈ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. ಇವರ ನಕ್ಷತ್ರ ಕೂಡಿಬರಲಿಲ್ಲ, ಇಬ್ಬರೂ ಸಾಯುತ್ತಾರೆ ಎಂದು ಹೇಳಿಯೇ ನಾಟಕ ಶುರುವಾಗುತ್ತದೆ. ಕೊನೆಗೆ ಆ ಪತ್ರವೂ ತಲುಪುವುದಿಲ್ಲ. ಜೂಲಿಯೆಟ್ ಸತ್ತಿಲ್ಲ, ಬೇರೊಬ್ಬನ ಜೊತೆಗಿನ ಮದುವೆ ತಪ್ಪಿಸಿಕೊಳ್ಳಲು ಔಷಧಿ ಕುಡಿದು 42 ಗಂಟೆ ಹೆಣದ ಹಾಗೆ ಮಲಗಿದ್ದಾಳೆ ಎಂದು, ಗಡಿಪಾರಾಗಿ ಮಾಂಟುವಾ ಊರಿನಲ್ಲಿದ್ದ ರೋಮಿಯೋಗೆ ತಿಳಿಸಲು, ಇಬ್ಬರಿಗೂ ಗುಟ್ಟಾಗಿ ಮದುವೆ ಮಾಡಿಸಿದ್ದ ಪಾದ್ರಿ ಬರೆದ ಪತ್ರ ಅದು. ಒಯ್ಯಬೇಕಿದ್ದ ಸನ್ಯಾಸಿ ಪ್ಲೇಗ್ ತಗುಲಿದ ಮನೆಗೆ ಹೋಗಿದ್ದ ಎಂಬ ಅನುಮಾನಕ್ಕೆ ಅವನನ್ನು ಜೂಲಿಯೆಟ್‌ನ ಊರಾದ ವೆರೋನಾದಲ್ಲೇ ಕೂಡಿಹಾಕುತ್ತಾರೆ. ಇದನ್ನು ವಿಧಿ ಅನ್ನಿ, ಒಪ್ಪುತ್ತೇನೆ.

ಆದರೆ ನಾನು ಮಕ್ಕಳಿಗೆ ಜೂಲಿಯೆಟ್‌ನ ಅಪ್ಪ ಕ್ಯಾಪುಲೆಟ್‌ನನ್ನು ನೋಡಿ ಅನ್ನುತ್ತೇನೆ. ಪ್ಯಾರಿಸ್ ಎಂಬ ಸಿರಿವಂತ ಯುವಕ ಹೆಣ್ಣು ಕೇಳಲು ಬಂದಾಗ ಅವನೇ, "ಮಗಳಿಗೆ ಇನ್ನೂ 14 ತುಂಬಿಲ್ಲ, ಎರಡು ಬೇಸಿಗೆ ಕಳೆಯಲಿ" ಎಂದಿದ್ದ. ಸೋಮವಾರ ಹೆಂಡತಿಯ ತವರಿನ ಹುಡುಗ ಟಿಬಾಲ್ಟ್‌ನನ್ನು ರೋಮಿಯೋ ಕೊಂದ. ಆ ರಾತ್ರಿಯೇ ಅಪ್ಪ ಪ್ಯಾರಿಸ್ ಜೊತೆ ಮಗಳ ಮದುವೆಗೆ ದಿನ ಇಟ್ಟ. ಬುಧವಾರ ತೀರಾ ಬೇಗ ಆಯ್ತು, ಗುರುವಾರ ಇರಲಿ ಎಂದ. ಮೊದಲು ಒಲ್ಲೆ ಎಂದಿದ್ದ ಜೂಲಿಯೆಟ್ ಮಂಗಳವಾರ ತಪ್ಪಾಯಿತು ಎಂದು ನಟಿಸಿದ್ದೇ ತಡ, ಅವನಿಗೆ ಎಷ್ಟು ಖುಷಿ ಅಂದರೆ ಮದುವೆ ನಾಳೆಯೇ ಎಂದುಬಿಟ್ಟ! ಬೇಗ ಆಯ್ತು ಎಂದು ತಾನೇ ಬಿಟ್ಟಿದ್ದ ಬುಧವಾರ. ಹಾಗಾಗಿ ಅವಳು ಒಂದು ರಾತ್ರಿ ಮೊದಲೇ ಔಷಧಿ ಕುಡಿದಳು. ಪತ್ರಕ್ಕೆ ಸಿಗಬೇಕಿದ್ದ ಒಂದು ಇಡೀ ದಿನ ಹೋಯಿತು.

ಇದರಲ್ಲಿ ನಕ್ಷತ್ರದ ಪಾಲು ಎಲ್ಲಿದೆ ಹೇಳಿ?

ಶೇಕ್ಸ್‌ಪಿಯರ್‌ಗೆ ಆಧಾರವಾದ ಆರ್ಥರ್ ಬ್ರೂಕ್‌ನ 1562ರ ಕಾವ್ಯದಲ್ಲಿ ಇದೇ ಕಥೆ ತಿಂಗಳುಗಟ್ಟಲೆ ನಡೆಯುತ್ತದೆ. ನಾಟಕದಲ್ಲಿ ಭಾನುವಾರ ಶುರುವಾಗಿದ್ದು ಆ ವಾರವೇ ಮುಗಿಯುತ್ತದೆ. ಅವಸರವನ್ನು ಶೇಕ್ಸ್‌ಪಿಯರ್ ಬೇಕೆಂದೇ ತಂದಿದ್ದಾನೆ ಎಂದೇ ನನ್ನ ನಂಬಿಕೆ. ಹುಡುಗರದ್ದೂ ಅವಸರವೇ, ಇಲ್ಲ ಅನ್ನುವುದಿಲ್ಲ. ಕಂಡ ಮರುದಿನವೇ ಮದುವೆಯಾದರು. ಸಾವಿನ ಸುದ್ದಿ ತಂದ ಸೇವಕ, ಸ್ವಲ್ಪ ತಾಳಿ ಎಂದು ಬೇಡಿಕೊಂಡರೂ ರೋಮಿಯೋ ತಾಳಲಿಲ್ಲ. ಆದರೆ ಅವರು ಮಕ್ಕಳು. ದೊಡ್ಡವರಿಗೆ ತಾಳ್ಮೆ ಇರಬೇಕಿತ್ತು ಅಲ್ವಾ?

ನನಗೆ ಜಾಸ್ತಿ ನೋವಾಗುವ ಮಾತು ಬೇರೆ ಇದೆ. ಅಪ್ಪನ ಮುಂದೆ ಮಂಡಿಯೂರಿ ಬೇಡಿ ಸೋತ ಮೇಲೆ ಆ ಹುಡುಗಿ ಅಮ್ಮನ ಕಡೆ ತಿರುಗುತ್ತಾಳೆ. ಈ ಮದುವೆಯನ್ನು ಒಂದು ತಿಂಗಳು ಮುಂದಕ್ಕೆ ಹಾಕಿ, ಆಗದಿದ್ದರೆ ಒಂದು ವಾರ ಅನ್ನುತ್ತಾಳೆ. ನನ್ನ ಹತ್ತಿರ ಮಾತಾಡಬೇಡ ಎಂದು ಅಮ್ಮ ಹೊರಟುಹೋಗುತ್ತಾಳೆ.

ಕೂಡಿಹಾಕಿದ್ದ ಸನ್ಯಾಸಿ ಕೊನೆಗೂ ಹೊರಬಂದು ಪತ್ರ ವಾಪಸ್ ಕೊಡುತ್ತಾನೆ. ಮಾಂಟುವಾಕ್ಕೆ ಇನ್ನೊಂದು ಪತ್ರ ಬರೆಯುತ್ತೇನೆ ಅನ್ನುತ್ತಾನೆ ಪಾದ್ರಿ. ಅಷ್ಟರಲ್ಲಿ ರೋಮಿಯೋ ವಿಷ ಕೊಂಡು ವೆರೋನಾಕ್ಕೆ ಹೊರಟಾಗಿತ್ತು.