ಕಟ್ಟಿಗೆ ಮೆಟ್ಟಿನ ಕುಣಿತ

"ಬ್ಯಾಲೆ ಅಂತೆ. ಎರಡು ಗಂಟೆ. ಒಂದು ಮಾತೂ ಇಲ್ವಂತೆ." ತಮ್ಮನ ಮನೆ ಮೆಟ್ಟಿಲು ಹತ್ತುವಾಗಲೇ ಹೆಂಡತಿ ಪಿಸುಗುಟ್ಟಿದಳು. ನಾನು ನೆಪ ಸಿದ್ಧ ಮಾಡಿಕೊಂಡೇ ಬಂದಿದ್ದೆ. ಒಂಬತ್ತಕ್ಕೆ ಶುಗರ್ ಮಾತ್ರೆ ನುಂಗಬೇಕು, ಮನೆಯಲ್ಲಿ ಮರೆತಿದ್ದೇನೆ, ಹೊರಡ್ತೀನಿ. ಮಾತ್ರೆ ಜೇಬಿನಲ್ಲೇ ಇತ್ತು.

ತಮ್ಮನ ಮಗಳು ಬೆಂಗಳೂರಿನಿಂದ ಪ್ರೊಜೆಕ್ಟರ್ ತಂದಿದ್ದಳು. ದಾವಣಗೆರೆಯ ಪಿ.ಜೆ. ಬಡಾವಣೆಯ ಆ ತಾರಸಿಯಲ್ಲಿ, ಬಟ್ಟೆ ಒಣಹಾಕುವ ತಂತಿಗೆ ಬಿಳಿ ಪಂಚೆ ಕಟ್ಟಿದ್ದರು. ಮುಂದೆ ನಾಲ್ಕೈದು ಕುರ್ಚಿ, ಒಂದು ಚಾಪೆ, ಡಬರಿ ತುಂಬ ಮಂಡಕ್ಕಿ, ಪೇಪರಿನಲ್ಲಿ ಬಿಸಿ ಬಿಸಿ ಮಿರ್ಚಿ. ಮಿರ್ಚಿ ಮುಗಿಯುವ ತನಕ ಇರೋಣ ಅಂದುಕೊಂಡೆ.

ಬ್ಯಾಲೆ ಅಂದರೆ ನನ್ನ ತಲೆಯಲ್ಲಿದ್ದದ್ದು ಬಿಳಿ ಫ್ರಾಕು, ತುದಿಗಾಲು, ಕೊನೆಗೆ ಯಾರೋ ಸಾಯೋದು. ಪಂಚೆ ಮೇಲೆ ಮೊದಲು ಬಂದದ್ದು ಕೋಳಿಗಳು! ಒಂದು ಹುಂಜ, ನಾಲ್ಕು ಹ್ಯಾಟೆ. ಕೋಳಿ ವೇಷ ಹಾಕಿದ ಮನುಷ್ಯರು ಕತ್ತು ಕುಕ್ಕುತ್ತಾ, ಕಾಲು ಕೆದರುತ್ತಾ ಕುಣಿದರು. ಮಿರ್ಚಿ ಕೈಯಲ್ಲೇ ಉಳಿಯಿತು.

ಹೆಸರು 'ಲಾ ಫೀಯ್ ಮಾಲ್ ಗಾರ್ದೇ'. ಕಾವಲು ತಪ್ಪಿದ ಮಗಳು ಅಂತ ಇಟ್ಟುಕೊಳ್ಳಿ. ವಿಧವೆ ಸಿಮೋನಳಿಗೆ ಒಬ್ಬಳೇ ಮಗಳು, ಲೀಸ್. ಅವಳಿಗೆ ಕೋಲಾ ಎಂಬ ರೈತ ಹುಡುಗನ ಮೇಲೆ ಮನಸ್ಸು. ತಾಯಿಗೆ ದ್ರಾಕ್ಷಿ ತೋಟದ ಸಾಹುಕಾರನ ಮಗ ಅಲೆನ್ ಅಳಿಯನಾಗಬೇಕು. ಅವನೋ ಪೆದ್ದ, ತನ್ನ ಕೆಂಪು ಕೊಡೆ ಬಿಟ್ಟರೆ ಬೇರೆ ಲೋಕವಿಲ್ಲ. ಜಾತ್ರೆಯಲ್ಲಿ ಬೀಡುಬಿಡುವ ಕಂಪನಿ ನಾಟಕದ ಕತೆಯೇ ಅಲ್ವಾ ಇದು? ಚಿಂದೋಡಿ ಲೀಲಾ ಅವರ ಊರಿನವರಿಗೆ ಬಿಡಿಸಿ ಹೇಳಬೇಕಾ?

ಇದನ್ನು ಮೊದಲು ಆಡಿದ್ದು 1789ರ ಜುಲೈ 1ರಂದು, ಫ್ರಾನ್ಸಿನ ಬೋರ್ದೋದಲ್ಲಿ. ಎರಡೇ ವಾರಕ್ಕೆ ಪ್ಯಾರಿಸ್ಸಿನಲ್ಲಿ ಬ್ಯಾಸ್ಟಿಲ್ ಸೆರೆಮನೆ ಬಿತ್ತು, ಫ್ರೆಂಚ್ ಕ್ರಾಂತಿ ಹೊತ್ತಿಕೊಂಡಿತು. ನಾವು ನೋಡಿದ್ದು 1960ರಲ್ಲಿ ಫ್ರೆಡರಿಕ್ ಆಷ್ಟನ್ ಲಂಡನ್ನಿನ ರಾಯಲ್ ಬ್ಯಾಲೆ ತಂಡಕ್ಕೆ ಹೊಸದಾಗಿ ಕಟ್ಟಿದ ಕುಣಿತ. ಇದೆಲ್ಲ ಹುಡುಗಿ ಹೇಳಿದ್ದು. ನಮ್ಮವ್ವ ಅದಕ್ಕೆ ಕಿವಿಗೊಡಲಿಲ್ಲ. ಶಾಲು ಹೊದ್ದು ಸಿಮೋನಳನ್ನೇ ದಿಟ್ಟಿಸುತ್ತಿದ್ದವಳು ಒಮ್ಮೆಲೇ, "ಏ, ಅದು ಗಂಡ್ಸು ಕಣೋ! ಕಾಲು ನೋಡು" ಅಂದಳು.

ನಿಜ. ಸಿಮೋನಳ ಪಾತ್ರಕ್ಕೆ ಗಂಡಸರೇ ಸೀರೆ, ಅಲ್ಲ, ಲಂಗ ಉಡೋದಂತೆ. ಬಯಲಾಟದ ಹೆಣ್ಣುವೇಷಗಳನ್ನು ನೋಡಿ ಬೆಳೆದವಳು ಅವ್ವ. ಅವಳ ಕಣ್ಣಿಗೆ ಮಣ್ಣೆರಚೋದು ಕಷ್ಟ.

ಆ ಸಿಮೋನಳಿಗೆ ಮಗಳು ಒಂದು ಜೊತೆ ಕಟ್ಟಿಗೆ ಮೆಟ್ಟು ತೋರಿಸುತ್ತಾಳೆ. ಮೊದಲು ಒಲ್ಲೆ ಅನ್ನೋ ಬಿಂಕ. ಆಮೇಲೆ ಮೆಟ್ಟಿ ನಿಂತಳು ನೋಡಿ! ಟಕ್ಕ ಟಕ್ಕ ಟಕ್ಕಟಕ. ಹಿಮ್ಮಡಿ ಒಮ್ಮೆ, ತುದಿ ಒಮ್ಮೆ. "ಇದು ಇಂಗ್ಲೆಂಡಿನ ಲ್ಯಾಂಕಶೈರ್ ಕಡೆ ಕುಣಿತ, ದೊಡ್ಡಪ್ಪ. ಅಲ್ಲಿ ಹತ್ತಿ ಮಿಲ್ಲಿನ ಕೆಲಸಗಾರರು ಇಂಥ ಮೆಟ್ಟೇ ಹಾಕ್ತಿದ್ರು" ಅಂದಳು ಹುಡುಗಿ.

ಮ್ಯಾಂಚೆಸ್ಟರ್ ಆ ಕಡೆಯದೇ ಹತ್ತಿ ಮಿಲ್ಲುಗಳ ಊರು. ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು. ಅಪ್ಪ ಇಲ್ಲಿನ ಹತ್ತಿ ಮಿಲ್ಲಿನಲ್ಲೇ ದುಡಿದವರು. ಪಾಳಿ ಮುಗಿಸಿ ಬಂದರೆ ಹುಬ್ಬಿನ ಮೇಲೂ ಹತ್ತಿ ಎಳೆ. ಮಷೀನಿನ ಸದ್ದಿಗೆ ಕಿವಿ ಮಂದವಾಗಿತ್ತು, ಮನೆಯಲ್ಲೂ ಕೂಗಿಯೇ ಮಾತಾಡೋರು. ಊಟಕ್ಕೆ ಕೂತರೆ ಬೆರಳು ತಟ್ಟೆ ಅಂಚಿನ ಮೇಲೆ ಸುಮ್ನೆ ಬಡಿಯುತ್ತಿರೋದು. ನಾನು ಅವ್ವನ ಕಡೆ ನೋಡಿದೆ. "ನಿಮ್ಮಪ್ಪ ತಟ್ಟೆ ಬಾರಿಸ್ತಿದ್ರಲ್ಲ, ಹಂಗೇ ಐತೆ" ಅಂದಳು. ಅವಳ ಹವಾಯಿ ಚಪ್ಪಲಿ ನೆಲ ತಟ್ಟುತ್ತಿತ್ತು.

ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು. ತಾಯಿ ಮಗಳನ್ನು ಒಳಗೆ ಹಾಕಿ ಬೀಗ ಜಡಿದು ಹೋಗಿದ್ದಾಳೆ. ಯಾರೂ ಇಲ್ಲ ಅಂತ ಲೀಸ್ ಒಬ್ಬಳೇ ಸಂಸಾರ ಹೂಡುತ್ತಾಳೆ. ಮದುವೆ ಆಯ್ತು, ಬಸುರಾಯ್ತು. ಅಂಗೈಯಲ್ಲಿ ಮಕ್ಕಳ ಎತ್ತರ ತೋರಿಸುತ್ತಾಳೆ: ಇಷ್ಟುದ್ದ ಒಂದು, ಇಷ್ಟುದ್ದ ಇನ್ನೊಂದು, ತೋಳಲ್ಲಿ ಮತ್ತೊಂದು. ಒಂದಕ್ಕೆ ಪಾಠ, ಒಂದಕ್ಕೆ ಕುಂಡೆ ಮೇಲೆ ಪೆಟ್ಟು. ಅಷ್ಟರಲ್ಲಿ ಮೂಲೆಯ ತೆನೆ ಸಿವುಡುಗಳ ರಾಶಿ ಸರಿಸಿಕೊಂಡು ಕೋಲಾ ಎದ್ದು ನಿಲ್ಲುತ್ತಾನೆ. ಎಲ್ಲ ನೋಡಿಬಿಟ್ಟಿದ್ದಾನೆ! ಆ ಹುಡುಗಿ ಮುಖ ಎಲ್ಲಿ ಬಚ್ಚಿಡಬೇಕು? ಅದೇ ಹೊತ್ತಿಗೆ ಗಾಳಿ ಬೀಸಿ ಪಂಚೆ ಉಬ್ಬಿತು. ಲೀಸ್ ತುಂಬು ಬಸುರಿ ಆಗಿಬಿಟ್ಟಳು. ಇಡೀ ತಾರಸಿ ನಕ್ಕಿತು. ಪಕ್ಕದ ಮನೆಯವರು ಕಿಟಕಿ ತೆಗೆದು ನೋಡಿದರು, ಆಮೇಲೆ ಅಲ್ಲೇ ನಿಂತರು.

ನಗುವಿನಲ್ಲಿ ನೀರು ಕುಡಿಯಲು ಹೋಗಿ, ಜೇಬಿನಿಂದ ಮಾತ್ರೆ ತೆಗೆದು ಎಲ್ಲರೆದುರೇ ನುಂಗಿದೆ. ಹೆಂಡತಿ ಒಂದು ನೋಟ ಕೊಟ್ಟಳು. ಗಂಟೆ ಹತ್ತಾಗಿತ್ತು.

ಕೊನೆಗೆ ಲೀಸ್–ಕೋಲಾ ಜೋಡಿಗೆ ಸಿಮೋನಳೂ ಒಪ್ಪಿ, ಎಲ್ಲರೂ ಕುಣಿಯುತ್ತಾ ಹೊರಗೆ ಹೋದರು. ಅಷ್ಟೊತ್ತಿಗೆ ಅವ್ವ ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು. ಖಾಲಿ ಮನೆಯೊಳಕ್ಕೆ ಅಲೆನ್ ಕಳ್ಳನ ಹಾಗೆ ನುಸುಳಿ ಬಂದ. ಬಂದದ್ದು ಮರೆತು ಹೋಗಿದ್ದ ಕೊಡೆಗೆ.

ಅವ್ವನ ಕೈ ಹಿಡಿದು ಮೆಟ್ಟಿಲು ಇಳಿಸುತ್ತಿದ್ದೆ. ಅರ್ಧ ಇಳಿದು ನಿಂತಳು.

"ಆ ಪೆದ್ದ ಹುಡುಗನಿಗೆ ಕೊಡೆ ಸಿಕ್ತೇನೋ?"

"ಸಿಕ್ತವ್ವ."

"ಹ್ಞೂಂ" ಅಂದು ಮುಂದಿನ ಮೆಟ್ಟಿಲಿಗೆ ಕಾಲಿಟ್ಟಳು.