ಶಿವರಾತ್ರಿಯ ಉಪ್ಪಿಟ್ಟು

27 ಫೆಬ್ರುವರಿ 2025, ಗುರುವಾರ

ಕಣ್ಣು ಉರಿಯುತ್ತಿದೆ. ಕಚೇರಿಗೆ ರಜೆ ಹಾಕಿದ್ದು ಮಲಗುವುದಕ್ಕೆ, ಆದರೆ ಇಲ್ಲಿ ಬರೆಯುತ್ತ ಕುಳಿತಿದ್ದೇನೆ.

ನಿನ್ನೆ ರಾತ್ರಿ ನಮ್ಮ ಮನೆಯಲ್ಲಿ ಸರಿಯಾಗಿ ಜಾಗರಣೆ ಮಾಡಿದವನು ಅಭಿ ಒಬ್ಬನೇ. ರಕ್ತದ ಕ್ಯಾನ್ಸರಿಗೆಂದು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಶುರುವಾದ ಮೇಲೆ ಅವನಿಗೆ ನಿದ್ದೆಯೂ ಇಲ್ಲ, ಎಷ್ಟು ತಿಂದರೂ ಹೊಟ್ಟೆ ತುಂಬಿತೆಂಬುದೂ ಇಲ್ಲ. ಕೆನ್ನೆ ಊದಿಕೊಂಡು ಕಣ್ಣು ಸಣ್ಣದಾಗಿದೆ. ಏಳಕ್ಕೆ ಅನ್ನ ಸಾರು, ಒಂಬತ್ತಕ್ಕೆ ದೋಸೆ, ಹನ್ನೊಂದಕ್ಕೆ ಮತ್ತೆ ಅನ್ನ. ಒಂದೂವರೆಗೆ ಎದ್ದು ಕುಳಿತು ಉಪ್ಪಿಟ್ಟು ಬೇಕೆಂದು ಅಳತೊಡಗಿದ. ಬೆಳಗ್ಗೆ ಮಾಡಿದ್ದು ಡಬ್ಬಿಯಲ್ಲಿತ್ತು, ಆದರೆ ಅದನ್ನು ಕೊಡುವಂತಿಲ್ಲ. ಬಿಳಿ ರಕ್ತಕಣ ನೆಲಕಚ್ಚಿರುವಾಗ ಆಗಷ್ಟೇ ಬೇಯಿಸಿದ್ದು ಬಿಟ್ಟು ಬೇರೇನನ್ನೂ ಕೊಡಬಾರದು ಎಂದು ವಾರ್ಡಿನ ಸಿಸ್ಟರ್ ಹತ್ತು ಸಲ ಹೇಳಿ ಕಳಿಸಿದ್ದಾರೆ.

ಅವನಮ್ಮ ಸುಮಾ ಕುಳಿತಲ್ಲೇ ನಿದ್ದೆ ಹೋಗಿದ್ದಳು. ಅವಳ ತಾಯಿ, ನನ್ನ ದೊಡ್ಡಮ್ಮ, ಎದ್ದರು. ಬೆಳಗ್ಗಿನಿಂದ ಒಂದು ಬಾಳೆಹಣ್ಣಿನ ಮೇಲಿರುವ ಜೀವ. ನಾನು ಮಾಡುತ್ತೇನೆಂದರೆ, "ನೀನು ರವೆಯನ್ನು ಹಸಿಯಾಗಿಯೇ ಹಾಕುತ್ತೀಯ" ಎಂದು ನನ್ನನ್ನು ಪಕ್ಕಕ್ಕೆ ಸರಿಸಿ ಬಾಣಲೆ ಇಟ್ಟರು. ಉಪವಾಸದ ಹೆಂಗಸು ನಡುರಾತ್ರಿ ಎಣ್ಣೆಯಲ್ಲಿ ಸಾಸಿವೆ ಸಿಡಿಸುತ್ತಿದ್ದರೆ ಪಕ್ಕದ ಮನೆಯವರು ಏನೆಂದುಕೊಂಡರೋ.

ಗಿರೀಶನ ವಿಷಯ ತೆಗೆದದ್ದು ನಾನೇ. ಸುಮಾಳ ಅಣ್ಣ ಅವನು, ಈ ಸಲ ಮೂಡಿಗೆರೆಯಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗಿದ್ದಾನೆ. ಪ್ರತಿ ಶಿವರಾತ್ರಿಗೂ ಕೊಟ್ಟಿಗೆಹಾರದ ದಾರಿಯಲ್ಲಿ ನಿಂತು ನಡೆಯುವವರಿಗೆ ಪಾನಕ, ಮಜ್ಜಿಗೆ ಕೊಡುತ್ತಿದ್ದ ಮನೆ ಅದು. ಈ ವರ್ಷ ಸೋದರಳಿಯನಿಗಾಗಿ ಇವನೇ ನಡೆದ. ಸರಿಯಾಗಿ ಆ ಹೊತ್ತಿಗೆ ಅಭಿಯ ಪ್ಲೇಟ್‌ಲೆಟ್ ಇಳಿಯಿತು. ಗಿರೀಶನದ್ದು ಅದೇ ಗುಂಪಿನ ರಕ್ತ. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲವಾದ್ದರಿಂದ ಮೊದಲೇ ತೆಗೆದಿಡೋಣ ಎನ್ನುವ ಮಾತೂ ಇಲ್ಲ. ಸುಮಾ ಫೋನ್ ಮಾಡುತ್ತಲೇ ಇದ್ದಳು. ಅವನು ಚಾರ್ಮಾಡಿ ಘಾಟಿಯಲ್ಲಿದ್ದ, ಸಿಗ್ನಲ್ ಇಲ್ಲ. ಕೊನೆಗೆ ನಮ್ಮ ಕಚೇರಿಯ ಹುಡುಗನೊಬ್ಬ ಬಂದು ಕೊಟ್ಟ. ಅಂದಿನಿಂದ ಸುಮಾ ಅಣ್ಣನ ಹೆಸರೆತ್ತಿದರೆ ಎದ್ದು ಹೋಗುತ್ತಾಳೆ.

"ದೇವರು ಇಲ್ಲಿ ಇಲ್ಲವೇ, ನಡೆದೇ ಹೋಗಬೇಕಿತ್ತೇ" ಎಂದೆ.

ದೊಡ್ಡಮ್ಮ ರವೆ ಹುರಿಯುತ್ತಿದ್ದರು. "ಅವನಿಗೆ ಆ ವಾರ್ಡಿನಲ್ಲಿ ಕೂರಲಾಗುವುದಿಲ್ಲ ಕಣೇ. ಬೆನ್ನಿಗೆ ಇಂಜೆಕ್ಷನ್ ಕೊಡುವಾಗ ಮಗುವನ್ನು ಬಗ್ಗಿಸಿ ಹಿಡಿದದ್ದು ನೋಡಿ ಹೊರಗೆ ಹೋಗಿ ವಾಂತಿ ಮಾಡಿದ. ನಡೆಯುವುದಾದರೂ ನಡೆಯಲಿ. ಹೆದರಿದವನಿಗೆ ಕಾಲಿಗೊಂದು ಕೆಲಸ ಬೇಕು."

ಆಮೇಲೆ, ಅದೇ ಧ್ವನಿಯಲ್ಲಿ, "ಸುಮಾಳಿಗಿಂತ ಮುಂಚೆ, ಗಿರೀಶನಿಗಿಂತಲೂ ಮುಂಚೆ ನನಗೊಬ್ಬಳಿದ್ದಳಲ್ಲ" ಎಂದರು.

ಇದ್ದಳೆಂದು ಕೇಳಿದ್ದೆ, ಅಷ್ಟೆ. ಫೋಟೊ ಕೂಡ ಇಲ್ಲ. ಐದು ವರ್ಷದ ಹುಡುಗಿ. ಕಾಲು ನೋವೆಂದು ಅಳುತ್ತಿದ್ದಳಂತೆ. ಮೈ ಸುಣ್ಣದ ಹಾಗೆ ಬಿಳುಚಿತು, ಮುಟ್ಟಿದಲ್ಲೆಲ್ಲ ನೀಲಿಗಟ್ಟಿತು. ರಕ್ತ ಕಡಿಮೆ ಎಂದು ಟಾನಿಕ್ ಕೊಟ್ಟರು. ದೊಡ್ಡಪ್ಪ ಮುಡಿ ಹರಕೆ ಹೊತ್ತು, ಮಗುವನ್ನು ಧರ್ಮಸ್ಥಳಕ್ಕೆ ಎತ್ತಿಕೊಂಡು ಹೋಗಿ ಮುಡಿ ಕೊಟ್ಟು ಬಂದರು. ಅದಾಗಿ ಒಂದು ತಿಂಗಳು ಇದ್ದಳು.

"ಇವನ ಕಾಲಿನ ಮೇಲೆ ನೀಲಿ ಕಂಡಾಗ ನನಗೆ ಗೊತ್ತಾಯಿತು. ಬಾಯಿ ಬಿಡಲಿಲ್ಲ. ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದು ಮಾತ್ರ ಹಟ ಹಿಡಿದೆ."

ಹಟ ಹಿಡಿದದ್ದು ನಮಗೆಲ್ಲ ನೆನಪಿದೆ. ಮುದುಕಿಗೆ ಗಾಬರಿ ಜಾಸ್ತಿ ಎಂದು ಅಭಿಯ ಅಪ್ಪ ರಘು ನಕ್ಕಿದ್ದ.

ಅದು 1976ನೇ ಇಸವಿ ಎಂದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ, ಹಾಕಬಾರದಿತ್ತು. ಹೊಸೂರು ರಸ್ತೆಯಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಶುರುವಾದದ್ದು 1973ರಲ್ಲಿ. ಅಭಿಗೆ ವಾರಕ್ಕೊಮ್ಮೆ ನರಕ್ಕೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಮದ್ದಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1963ರಲ್ಲಿ. ಅವಳದ್ದು ಇದೇ ಕಾಯಿಲೆಯೇ ಎಂದು ಈಗ ಯಾರು ಹೇಳಬಲ್ಲರು? ಇದೇ ಆಗಿದ್ದರೂ ಆ ಕಾಲದ ಚಿಕಿತ್ಸೆಗೆ ಉಳಿಯುತ್ತಿದ್ದಳೆಂದು ಹೇಳಲಾಗದು. ಆದರೂ.

"ಆಗ ಹರಕೆಯೊಂದೇ ಇದ್ದದ್ದು. ಈಗ ಹರಕೆಯ ಜೊತೆ ಇನ್ನೊಂದಿದೆ" ಎಂದು ನೀರು ಸುರಿದರು. ಈ ಸಲ ಏನು ಹೊತ್ತಿದ್ದೀರಿ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಮುಡಿಯಂತೂ ಆಗಿರಲಾರದು. ಅಭಿಯ ಕೂದಲು ಹೋದ ವಾರದಿಂದ ದಿಂಬಿನ ಮೇಲೆ ಉದುರುತ್ತಿದೆ, ದಿನಾ ಬೆಳಗ್ಗೆ ದೊಡ್ಡಮ್ಮನೇ ಕೊಡವುತ್ತಾರೆ.

ರಘುವಿನ ಧೈರ್ಯವೇ ಬೇರೆ ಬಗೆಯದು. ಹೈಸ್ಕೂಲ್ ಮೇಷ್ಟ್ರು ನೋಡಿ, ಅವನಿಗೆ ಸಂಖ್ಯೆ ಬೇಕು. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ. 80ಕ್ಕಿಂತ ಹೆಚ್ಚು ಜನ ಗುಣವಾಗುತ್ತಾರೆ, 2030ರೊಳಗೆ ಎಲ್ಲ ಕಡೆ ಕನಿಷ್ಠ ಶೇ. 60 ಆಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಗುರಿ ಇಟ್ಟಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾನೆ. ಅದರ ಕೆಳಗೇ ಅಭಿಯ ರಕ್ತಕಣಗಳ ದಿನದಿನದ ಕೌಂಟ್. ಬೆನ್ನಿಗೆ ಕೊಡುವ ಮೆಥೋಟ್ರೆಕ್ಸೇಟ್‌ನ ಹಿಂದೆ ಭೀಮಾವರಂನಲ್ಲಿ ಹುಟ್ಟಿದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ಕೆಲಸವಿದೆ ಎಂದು ಬಂದವರಿಗೆಲ್ಲ ಹೇಳುತ್ತಾನೆ. ಸುಮಾಳಿಗೆ ಶೇಕಡಾವಾರು ಕೇಳಿದರೆ ಸಿಟ್ಟು. ಮೊದಲ ಹಂತ ಮುಗಿದ ಮೇಲೆ ಮಜ್ಜೆಯ ಪರೀಕ್ಷೆ ಇದೆ, ಅಲ್ಲಿಯವರೆಗೆ ಯಾರೂ ಏನೂ ಹೇಳಬೇಡಿ ಎನ್ನುತ್ತಾಳೆ. ಅದು ಚೆನ್ನಾಗಿ ಬಂದರೂ ಚಿಕಿತ್ಸೆ ಎರಡು ವರ್ಷಕ್ಕೂ ಮಿಕ್ಕಿ ನಡೆಯಬೇಕು ಎಂಬುದು ಊರಿನವರಿಗೆ ಇನ್ನೂ ಅರ್ಥವಾಗಿಲ್ಲ.

ಊರಿನವರೆಂದಾಗ ನೆನಪಾಯಿತು. ವಿನ್‌ಕ್ರಿಸ್ಟಿನ್ ಬರುವುದು ನಿತ್ಯಪುಷ್ಪದ ಗಿಡದಿಂದ ಎಂದು ಗೊತ್ತಾದದ್ದೇ ತಡ, ಸಂಬಂಧಿಕರೊಬ್ಬರು ಎಲೆ ಅರೆದು ಕುಡಿಸಿ, ಸುಮ್ಮನೆ ಆಸ್ಪತ್ರೆಗೆ ಯಾಕೆ ಅಲೆಯುತ್ತೀರಿ ಎಂದು ವಾಟ್ಸ್ಆ್ಯಪ್ ಮಾಡಿದ್ದಾರೆ. ನೂರಾರು ಕಿಲೋ ಎಲೆಯಿಂದ ಚಿಟಿಕೆಯಷ್ಟು ಸಿಗುವ ಮದ್ದು ಅದು. ಅಳತೆ ತಪ್ಪಿದರೆ ಜೀವಕ್ಕೇ ಅಪಾಯ. ನಂಬಿಕೆಯ ಹೆಸರಿನಲ್ಲಿ ಇಂಥ ಸಲಹೆ ಕೊಡುವವರ ಮೇಲೆ ನನಗೆ ಬರುವಷ್ಟು ಕೋಪ ಗಿರೀಶನ ಮೇಲೆ ಬರುವುದಿಲ್ಲ. ಅವನು ತನ್ನ ಕಾಲು ಸವೆಸಿದ, ಮಗುವಿನ ಮದ್ದು ನಿಲ್ಲಿಸು ಎನ್ನಲಿಲ್ಲ. ದೊಡ್ಡಮ್ಮ ಅದೇ ಗಿಡದ ಬಿಳಿ ಹೂ ಕಿತ್ತು ನಿನ್ನೆ ಲಿಂಗಕ್ಕೆ ಏರಿಸಿದರು. ಅದಕ್ಕೆ ಯಾವ ಡಾಕ್ಟರ ತಕರಾರೂ ಇಲ್ಲ.

ಅಭಿ ಉಪ್ಪಿಟ್ಟು ತಿಂದ. ಕರಿಬೇವು ತೆಗೆದಿಲ್ಲವೆಂದು ಅಜ್ಜಿಗೆ ಬೈದ. ಸ್ಟೀರಾಯ್ಡ್ ಸಿಟ್ಟು ಅದು, ಅವನದ್ದಲ್ಲ ಎಂದು ಸುಮಾ ದಿನಾ ಹೇಳುತ್ತಾಳೆ.

ಈಗ ಗಿರೀಶ ಫೋನ್ ಮಾಡಿದ್ದ, ನನಗೆ. ಬಸ್ಸಿನಲ್ಲಿದ್ದಾನಂತೆ, ರಾತ್ರಿಗೆ ಇಲ್ಲಿರುತ್ತಾನೆ. ತೀರ್ಥ ತಂದಿದ್ದಾನಂತೆ. ಮಗುವಿಗೆ ಕುದಿಸದ ನೀರು ಕೂಡದು, ತೀರ್ಥವಾದರೂ ಅಷ್ಟೆ. ಅದನ್ನು ಅವನಿಗೆ ಹೇಳುವವರು ಯಾರು, ನಾನೋ ದೊಡ್ಡಮ್ಮನೋ? ಪಾದ ತುಂಬ ಬೊಬ್ಬೆ ಎಂದ. ನಾಳೆ ಕೌಂಟ್ ಬರುತ್ತದೆ. ಮತ್ತೆ ಪ್ಲೇಟ್‌ಲೆಟ್ ಬೇಕಾದರೆ ಇವನು ಕೊಡಬಹುದು, ಆದರೆ ಇಷ್ಟು ನಡೆದು ದಣಿದವನಿಂದ ತೆಗೆದುಕೊಳ್ಳುತ್ತಾರೋ ಇಲ್ಲವೋ, ರಘುವನ್ನು ಕೇಳಬೇಕು, ಸುಮಾಳಿಗೆ ತಿಳಿಯದ ಹಾಗೆ, ಅಥವಾ ಅವಳಿಗೇ